ತಾರಸಿಯ ಕುಂಡದಲ್ಲಿ ಸಿಹಿ ಮೆಣಸು

ಚಾಮರಾಜಪೇಟೆಯ ನನ್ನ ಕ್ಲಿನಿಕ್‌ಗೆ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರ ದೂರು ಒಂದೇ. "ಆಪಾ, ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಕೂದಲು ಉದುರುತ್ತಿದೆ." ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣದಂತೆ ಬಿಳಿ. ಹೋದ ವರ್ಷ ಹೀಗೆ ಬಂದ ಒಬ್ಬ ತಾಯಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ದುಡಿಯುವವರು, ಮೂರು ಮಕ್ಕಳು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.2. ಗರ್ಭಿಣಿಯಲ್ಲದ ಹೆಣ್ಣುಮಗಳಿಗೆ ಅದು ಕನಿಷ್ಠ 12 ಇರಬೇಕು. ಅವರು ನಂಬಲೇ ಇಲ್ಲ. "ನಮ್ಮನೆಯಲ್ಲಿ ವಾರಕ್ಕೊಮ್ಮೆ ಗೋಶ್ತ್ ಆಗುತ್ತದೆ, ಸೊಪ್ಪು ತಿನ್ನುತ್ತೇನೆ, ರಾಗಿ ಮುದ್ದೆ ತಿನ್ನುತ್ತೇನೆ, ನನಗೆ ರಕ್ತ ಕಡಿಮೆ ಆಗುವುದು ಹೇಗೆ?" ಎಂದು ನನ್ನನ್ನೇ ಕೇಳಿದರು.

ನ್ಯಾಯವಾದ ಪ್ರಶ್ನೆ. ಉತ್ತರದ ಅರ್ಧ ಭಾಗ ಅವರ ಊಟದ ತಟ್ಟೆಯ ಪಕ್ಕದಲ್ಲಿತ್ತು: ಊಟ ಮುಗಿದ ಕೂಡಲೇ ಕುಡಿಯುವ ಗಟ್ಟಿ ಚಹಾ. ಇನ್ನರ್ಧ ಅವರ ತಟ್ಟೆಯಲ್ಲಿ ಇಲ್ಲದ್ದು: ಹಸಿಯಾದ, ಬೇಯಿಸದ ಯಾವುದೂ. ಅಂದು ಅವರ ಜೊತೆ ಆಡಿದ ಮಾತಿನಿಂದಲೇ ಈ ಲೇಖನ ಹುಟ್ಟಿತು. ವಿಷಯ ಮಾತ್ರ ಸ್ವಲ್ಪ ವಿಚಿತ್ರ ಅನ್ನಿಸಬಹುದು. ನಾನು ನಿಮ್ಮೊಂದಿಗೆ ಮಾತಾಡಲು ಹೊರಟಿರುವುದು ಮೆಣಸಿನಕಾಯಿಯ ಬಗ್ಗೆ. ಖಾರವಿಲ್ಲದ, ಸಿಹಿಯಾದ, ಹಣ್ಣಿನಂತೆ ಕಚ್ಚಿ ತಿನ್ನುವ ಪುಟ್ಟ ಮೆಣಸಿನಕಾಯಿ.

ದೊಡ್ಡ ಅಂಗಡಿಗಳಲ್ಲಿ ಕೆಂಪು, ಹಳದಿ, ಕಿತ್ತಳೆ ಬಣ್ಣದ ಹೆಬ್ಬೆರಳು ಗಾತ್ರದ ಕಾಯಿಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಇಟ್ಟಿರುವುದನ್ನು ನೀವು ನೋಡಿರಬಹುದು. ಬೆಲೆ ನೋಡಿ ಮುಂದಕ್ಕೆ ನಡೆದಿರಲೂಬಹುದು. ನಾನೂ ಹಾಗೇ ನಡೆದವಳು. ಆಮೇಲೆ ಅದನ್ನು ತಾರಸಿಯಲ್ಲಿ ಬೆಳೆದುಕೊಂಡೆ. ನಾಲ್ಕು ವರ್ಷವಾಯಿತು. ಮೊದಲ ವರ್ಷ ಪೂರ್ತಿ ಸೋತೆ, ಎರಡನೆಯ ವರ್ಷ ನನ್ನ ಮನೆಯವರೇ ಆಸ್ಪತ್ರೆ ಸೇರುವಂತಾಯಿತು. ಆ ಎರಡನ್ನೂ ಮುಂದೆ ಹೇಳುತ್ತೇನೆ.

ಹಕೀಮರು ಕಾಣದ ಕಾಯಿ

ಯುನಾನಿ ವೈದ್ಯೆಯಾದ ನನಗೆ ಈ ಕಾಯಿಯ ಮೇಲೆ ಒಂದು ಕುತೂಹಲ. ಇಬ್ನ್ ಸೀನಾ ಅವರ 'ಅಲ್ ಖಾನೂನ್'ನಲ್ಲಿ ಫಿಲ್‌ಫಿಲ್ ಎಂಬ ಹೆಸರು ಬರುತ್ತದೆ. ಅದು ಕರಿಮೆಣಸು. ಇಬ್ನ್ ಸೀನಾ ತೀರಿಕೊಂಡದ್ದು 1037ರಲ್ಲಿ. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಕೊಲಂಬಸ್ ಅತ್ತ ಹೋದದ್ದು 1492ರಲ್ಲಿ, ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅಂದರೆ ನಮ್ಮ ಮಹಾನ್ ಹಕೀಮರು ಈ ಕಾಯಿಯನ್ನು ಕಣ್ಣಿಂದಲೂ ನೋಡಿರಲಿಲ್ಲ. ಭಾರತದ ಹಕೀಮರು ಆಮೇಲೆ ಅದಕ್ಕೆ ಮಿಜಾಜ್ ಗೊತ್ತುಮಾಡಿ, 'ಉಷ್ಣ ಮತ್ತು ಶುಷ್ಕ' ಎಂದು ಬರೆದು ತಮ್ಮ ಗ್ರಂಥಗಳಿಗೆ ಸೇರಿಸಿಕೊಂಡರು. ಹೆಸರನ್ನೂ ಕರಿಮೆಣಸಿನಿಂದಲೇ ಎರವಲು ಪಡೆದರು: ಉರ್ದುವಿನಲ್ಲಿ ಮಿರ್ಚ್ ಎಂದರೆ ಮೊದಲು ಕರಿಮೆಣಸೇ. ಕನ್ನಡದಲ್ಲೂ ಹಾಗೇ ಆಯಿತು ನೋಡಿ. ಮೆಣಸು ಮೊದಲೇ ಇತ್ತು, ಹೊಸದಾಗಿ ಬಂದದ್ದು ಮೆಣಸಿನ 'ಕಾಯಿ' ಆಯಿತು.

ಆದರೆ ಅವರು ಮಿಜಾಜ್ ಬರೆದದ್ದು ಖಾರದ ಕಾಯಿಗೆ. ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ಅದು ಹುಟ್ಟುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ದಪ್ಪ ಮೆಣಸಿನಕಾಯಿ ಮತ್ತು ಅದರ ಸಿಹಿ ತಮ್ಮಂದಿರಲ್ಲಿ ಈ ವಸ್ತುವನ್ನು ತಯಾರಿಸುವ ಜೀನ್ ಕೆಲಸ ಮಾಡುವುದಿಲ್ಲ. ಹೀಗಾಗಿ ಖಾರ ಸೊನ್ನೆ, ಉಷ್ಣವೂ ತೀರಾ ಸೌಮ್ಯ. ಪಿತ್ತ ಪ್ರಕೃತಿಯವರೂ ಮಿತವಾಗಿ ತಿನ್ನಬಹುದು ಎನ್ನುವುದು ನನ್ನ ಅನುಭವ. ಕೆಲವರಿಗೆ ಮಾತ್ರ ಇದರ ಸಿಪ್ಪೆ ಜೀರ್ಣವಾಗದೆ ತೇಗು, ಹೊಟ್ಟೆಯುಬ್ಬರ ಬರುತ್ತದೆ. ಅಂಥವರು ಬರಿಹೊಟ್ಟೆಯಲ್ಲಿ ತಿನ್ನಬಾರದು. ಹಸಿರು ಕಾಯಿಗಿಂತ ಪೂರ್ತಿ ಕೆಂಪಾದ ಕಾಯಿ ಅವರಿಗೆ ಒಗ್ಗುತ್ತದೆ.

ಬಣ್ಣ ತಿರುಗುವವರೆಗೆ ಕಾಯುವುದರಲ್ಲಿ ರುಚಿಯಷ್ಟೇ ಅಲ್ಲ, ಲಾಭವೂ ಇದೆ. 100 ಗ್ರಾಂ ಹಸಿರು ದಪ್ಪ ಮೆಣಸಿನಕಾಯಿಯಲ್ಲಿ ಸುಮಾರು 80 ಮಿಲಿಗ್ರಾಂ ವಿಟಮಿನ್ ಸಿ ಇದ್ದರೆ, ಅದೇ ಕಾಯಿ ಕೆಂಪಾದಾಗ 120ರಿಂದ 130 ಮಿಲಿಗ್ರಾಂ ಮುಟ್ಟುತ್ತದೆ. ವಯಸ್ಕ ಹೆಣ್ಣುಮಗಳಿಗೆ ದಿನಕ್ಕೆ ಬೇಕಾದದ್ದು 65 ಮಿಲಿಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಅಂದರೆ 50 ಗ್ರಾಂ ಕೆಂಪು ಕಾಯಿ, ಎರಡು ಮೂರು ಪುಟ್ಟ ಮೆಣಸು, ಒಂದು ದಿನಕ್ಕೆ ಸಾಕು. ಆದರೆ ಹಸಿಯಾಗಿ ತಿನ್ನಬೇಕು. ಹುರಿದು, ಕುದಿಸಿ, ಮತ್ತೆ ಬಿಸಿ ಮಾಡಿದರೆ ಈ ವಿಟಮಿನ್ ಬಹುಪಾಲು ಹೋಗಿಬಿಡುತ್ತದೆ.

ಈ ವಿಟಮಿನ್ನಿಗೂ ಮೆಣಸಿಗೂ ಇರುವ ನಂಟಿನ ಕಥೆ ಸ್ವಾರಸ್ಯಕರ. ಹಂಗೇರಿಯ ಸೆಗೆಡ್ ನಗರದ ವಿಜ್ಞಾನಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಅವರಿಗೆ ತಮ್ಮ ಸಂಶೋಧನೆಗೆ ಬೇಕಾದಷ್ಟು ವಿಟಮಿನ್ ಸಿ ಎಲ್ಲಿಯೂ ಸಿಗುತ್ತಿರಲಿಲ್ಲ. 1930ರ ದಶಕದ ಮೊದಲ ವರ್ಷಗಳ ಮಾತು. ಒಂದು ರಾತ್ರಿ ಅವರ ಪತ್ನಿ ಊಟಕ್ಕೆ ಕೆಂಪು ಮೆಣಸಿನಕಾಯಿ ಬಡಿಸಿದರು. ಅವರಿಗೆ ತಿನ್ನುವ ಮನಸ್ಸಿಲ್ಲ, ಬೇಡ ಎನ್ನುವ ಧೈರ್ಯವೂ ಇಲ್ಲ. ಇದನ್ನು ಪರೀಕ್ಷೆ ಮಾಡಿ ನೋಡಿಲ್ಲವಲ್ಲ ಎಂದು ನೆಪ ಹೇಳಿ ಪ್ರಯೋಗಾಲಯಕ್ಕೆ ಎತ್ತಿಕೊಂಡು ಹೋದರಂತೆ. ನಡುರಾತ್ರಿಯ ಹೊತ್ತಿಗೆ ಅವರಿಗೆ ಖಜಾನೆ ಸಿಕ್ಕಿತ್ತು. ಕೆಲವೇ ವಾರಗಳಲ್ಲಿ ಒಂದು ಕಿಲೋಗಿಂತ ಹೆಚ್ಚು ಶುದ್ಧ ವಿಟಮಿನ್ ತೆಗೆದರು. 1937ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಊಟದ ತಟ್ಟೆಯ ತರಕಾರಿ ಬೇಡ ಎನ್ನುವ ಗಂಡಸರಿಗೆಲ್ಲ ಇಂಥ ಫಲ ಸಿಗುವುದಿಲ್ಲ ಎಂದು ನಾನು ಮನೆಯಲ್ಲಿ ಆಗಾಗ ಹೇಳುತ್ತಿರುತ್ತೇನೆ.

ಈಗ ರಕ್ತಹೀನತೆಯ ಮಾತಿಗೆ ಬರೋಣ. ಸೊಪ್ಪು, ಬೇಳೆ, ರಾಗಿಯಲ್ಲಿರುವ ಕಬ್ಬಿಣವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಅದು ಕಬ್ಬಿಣವನ್ನು ಕರಗುವ ರೂಪಕ್ಕೆ ತಂದು ಒಳಗೆ ದಾಟಿಸುತ್ತದೆ. ಚಹಾದ ಒಗರು ಇದಕ್ಕೆ ತದ್ವಿರುದ್ಧ; ಕಬ್ಬಿಣವನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ. ಮಾಂಸದ ಕಬ್ಬಿಣ ಚೆನ್ನಾಗಿ ಹತ್ತುತ್ತದೆ ನಿಜ, ಆದರೆ ವಾರಕ್ಕೆ ಒಂದು ದಿನದ ಬಿರಿಯಾನಿ ಉಳಿದ ಆರು ದಿನದ ಕೊರತೆ ತುಂಬುವುದಿಲ್ಲ. ಅದರಲ್ಲೂ ಅಮ್ಮಿಯರು ಎಲ್ಲರಿಗೂ ಬಡಿಸಿ ಕೊನೆಗೆ ಅನ್ನ, ಸಾರು ಮಾತ್ರ ಬಳಿದುಕೊಳ್ಳುವ ಮನೆಗಳಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧ.

ಒಂದು ಮಾತು ಸ್ಪಷ್ಟವಾಗಿರಲಿ. ಹಿಮೋಗ್ಲೋಬಿನ್ 8 ಇರುವವರಿಗೆ ಮೆಣಸಿನಕಾಯಿ ಔಷಧಿಯಲ್ಲ. ಆ ತಾಯಿಗೆ ನಾನು ಕಬ್ಬಿಣದ ಮಾತ್ರೆ ಬರೆದೆ, ಹೊಟ್ಟೆಹುಳುವಿನ ಮಾತ್ರೆ ಬರೆದೆ, ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುತ್ತಿದ್ದ ಕಾರಣ ಸ್ತ್ರೀರೋಗ ತಜ್ಞರ ಬಳಿ ಕಳಿಸಿದೆ. ಯುನಾನಿಯಲ್ಲಿ 'ಇಲಾಜ್ ಬಿಲ್ ಗಿಝಾ' ಎಂದರೆ ಆಹಾರದಿಂದ ಚಿಕಿತ್ಸೆ. ಅದು ಔಷಧಿಯ ಜೊತೆ ನಡೆಯುವಂಥದ್ದು. ಔಷಧಿ ಬೇಕಾದವರಿಗೆ ಸೊಪ್ಪು ತರಕಾರಿ ಹೇಳಿ ಕಳಿಸುವುದನ್ನು ನಾನು ವೈದ್ಯವೃತ್ತಿ ಎಂದು ಒಪ್ಪುವುದಿಲ್ಲ.

ಯಾವ ಬೀಜ, ಯಾವ ಕಾಲ

ಮೊದಲ ವರ್ಷ ನಾನು ಮಾಡಿದ ತಪ್ಪು ಬೀಜದ್ದು. ಬಣ್ಣಬಣ್ಣದ ಚಿತ್ರದ ಪೊಟ್ಟಣ ನೋಡಿ ಮರುಳಾಗಿ ಒಂದು ಅಂಗಡಿಯಿಂದ 'ಸಿಹಿ ಮಿನಿ ಮೆಣಸು' ತಂದೆ. ಮೂರೂವರೆ ತಿಂಗಳು ಆರೈಕೆ ಮಾಡಿ ಮೊದಲ ಕೆಂಪು ಕಾಯಿಯನ್ನು ಕಿತ್ತು ಪ್ರೀತಿಯಿಂದ ಮಗನ ಕೈಗೆ ಕೊಟ್ಟೆ. ಕಚ್ಚಿದವನು ಕಿರುಚಿಕೊಂಡು ಮನೆಯ ಮೊಸರೆಲ್ಲ ಖಾಲಿ ಮಾಡಿದ. ಅಪ್ಪಟ ಖಾರದ ತಳಿ! ಇಂದಿಗೂ ನಾನು ಕೊಟ್ಟ ಕಾಯಿಯನ್ನು ಅವನು ಮೊದಲು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಾನೆ.

ಆದ್ದರಿಂದ ನಂಬಿಕೆಯ ಕಡೆಯಿಂದ ಬೀಜ ತನ್ನಿ. ನಮ್ಮ ಪುಣ್ಯಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಪಕ್ಕದಲ್ಲೇ ಇದೆ. ಅಲ್ಲಿಯ ತಳಿಗಳ ಹೆಸರು 'ಅರ್ಕಾ' ಎಂದು ಶುರುವಾಗುತ್ತದೆ, ಅರ್ಕಾವತಿ ನದಿಯನ್ನು ನೆನಪಿಸುವ ಹೆಸರು. ಅರ್ಕಾ ಮೋಹಿನಿ, ಅರ್ಕಾ ಗೌರವ್ ದಪ್ಪ ಕಾಯಿಯವು. ನನಗೆ ಇಷ್ಟವಾದದ್ದು ಅರ್ಕಾ ಬಸಂತ್. ಕಾಯಿ ಚಿಕ್ಕದು, ಮೊನಚು, ಎಳೆಯದಿದ್ದಾಗ ಕೆನೆಯ ಬಣ್ಣ, ಹಣ್ಣಾದಾಗ ಕಿತ್ತಳೆ ಮಿಶ್ರಿತ ಕೆಂಪು. ಇದರ ಮೂಲ ಹಂಗೇರಿಯ ತಳಿ ಎಂದು ತಿಳಿದಾಗ ಸೆಂಟ್-ಗ್ಯೋರ್ಗಿ ಅವರ ಪತ್ನಿಯ ನೆನಪಾಯಿತು. ಅಂಗಡಿಯ ಹೆಬ್ಬೆರಳು ಮೆಣಸಿನಷ್ಟು ಪುಟ್ಟದಲ್ಲ, ಆದರೆ ಕುಂಡಕ್ಕೆ ಹೊಂದಿಕೊಳ್ಳುತ್ತದೆ. ಪುಟ್ಟ ಕಾಯಿಯೇ ಬೇಕೆಂದರೆ ಖಾಸಗಿ ಕಂಪೆನಿಗಳ ಮಿನಿ ತಳಿಗಳಿವೆ. ಹೆಚ್ಚಿನವು ಹೈಬ್ರಿಡ್, ಅವುಗಳ ಬೀಜ ತೆಗೆದಿಟ್ಟು ಬಿತ್ತಿದರೆ ಮುಂದಿನ ವರ್ಷ ಅದೇ ಗುಣ ಬರುವ ಭರವಸೆಯಿಲ್ಲ. ಸಸಿ, ಮಣ್ಣು, ಕುಂಡ ಎಲ್ಲಕ್ಕೂ ಲಾಲ್‌ಬಾಗಿನ ನರ್ಸರಿ ಬೆಳೆಗಾರರ ಸಹಕಾರ ಸಂಘದ ಮಳಿಗೆ ಬಸವನಗುಡಿ, ಚಾಮರಾಜಪೇಟೆಯವರಿಗೆ ಹತ್ತಿರ. 1760ರಲ್ಲಿ ಹೈದರ್ ಅಲಿ ತೋಟ ಹಾಕಿಸಿದ ಜಾಗದಿಂದ ಒಂದು ಸಸಿ ತರುವುದಕ್ಕೂ ಒಂದು ಖುಷಿಯಿದೆ.

ಬೆಂಗಳೂರಿನ ಹವೆ ಈ ಗಿಡಕ್ಕೆ ಹೇಳಿ ಮಾಡಿಸಿದಂತಿದೆ. ಹಗಲು 20ರಿಂದ 28 ಡಿಗ್ರಿ, ರಾತ್ರಿ 16ರಿಂದ 18 ಡಿಗ್ರಿ ಇದ್ದರೆ ಹೂವು ನಿಲ್ಲುತ್ತದೆ. 33 ಡಿಗ್ರಿ ದಾಟಿದರೆ ಹೂವು ಉದುರುತ್ತದೆ, ಹಾಗಾಗಿ ಮಾರ್ಚ್, ಏಪ್ರಿಲ್ ನೆಚ್ಚಿಕೊಳ್ಳಬೇಡಿ. ಸೆಪ್ಟೆಂಬರ್‌ನಲ್ಲಿ ಬಿತ್ತಿದರೆ ಅಕ್ಟೋಬರ್‌ನಲ್ಲಿ ಕುಂಡಕ್ಕೆ ಹಾಕಬಹುದು, ಸಂಕ್ರಾಂತಿಯ ಆಸುಪಾಸಿನಲ್ಲಿ ಕೆಂಪು ಕಾಯಿ ಸಿಗುತ್ತದೆ. ಜೂನ್‌ನಲ್ಲೂ ಬಿತ್ತಬಹುದು, ಆದರೆ ಮಳೆಗಾಲದಲ್ಲಿ ಎಳೆ ಸಸಿಗಳಿಗೆ ಬುಡ ಕೊಳೆಯುವ ರೋಗದ ಕಾಟ ಹೆಚ್ಚು.

ಬೀಜವನ್ನು ನೆನೆಸಿದ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಊರಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ಬೆಚ್ಚಗಿನ ಮೂಲೆಯಲ್ಲಿಡಿ. ಮೊಳಕೆ ಬರಲು 8ರಿಂದ 14 ದಿನ ಬೇಕು. ಎರಡನೆಯ ವಾರದಲ್ಲಿ ತಾಳ್ಮೆಗೆಟ್ಟು ಕೆದಕಬೇಡಿ. ಮೊಳಕೆ ಕಂಡ ದಿನವೇ ಬಟ್ಟೆ ತೆಗೆದು ಬೆಳಕಿಗೆ ಇಡಿ, ಇಲ್ಲದಿದ್ದರೆ ಸಸಿ ಸಣಕಲಾಗಿ ಬೀಳುತ್ತದೆ. 35ರಿಂದ 40 ದಿನಕ್ಕೆ ಐದಾರು ಎಲೆ ಬಂದಾಗ ದೊಡ್ಡ ಕುಂಡಕ್ಕೆ.

ಕುಂಡ, ಮಣ್ಣು, ಹಳೆಯ ತಾರಸಿ

ಒಂದು ಗಿಡಕ್ಕೆ ಹತ್ತು ಲೀಟರಿನ ಕುಂಡ ಬೇಕು, ಅದಕ್ಕಿಂತ ಚಿಕ್ಕದರಲ್ಲಿ ಗಿಡ ಬದುಕುತ್ತದೆ ಅಷ್ಟೇ. ಗ್ರೋ ಬ್ಯಾಗ್, ಮಣ್ಣಿನ ಕುಂಡ, ಹಳೆಯ ಬಕೆಟ್ ಯಾವುದೂ ಆಗುತ್ತದೆ, ತಳದಲ್ಲಿ ನಾಲ್ಕೈದು ತೂತು ಇರಬೇಕು. ಕೀಟನಾಶಕ ಅಥವಾ ಕಾರ್ಖಾನೆಯ ರಾಸಾಯನಿಕ ತುಂಬಿದ್ದ ಡ್ರಮ್ಮು, ಕ್ಯಾನುಗಳನ್ನು ಎಷ್ಟು ತೊಳೆದರೂ ಬಳಸಬೇಡಿ. ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತವೆ ಎಂದು ತರುವವರನ್ನು ನೋಡಿದ್ದೇನೆ. ನೀವು ಹಸಿಯಾಗಿ ತಿನ್ನುವ ಕಾಯಿ ಅದರಲ್ಲಿ ಬೆಳೆಯಬೇಕಾದದ್ದು.

ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಸಮಪಾಲು. ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ, ಕೋಳಿ ಗೊಬ್ಬರ ನೇರವಾಗಿ ಹಾಕಬಾರದು. ಪೂರ್ತಿ ಕಳಿತು ಮಣ್ಣಿನ ವಾಸನೆ ಬಂದಿರಬೇಕು. ಇಲ್ಲದಿದ್ದರೆ ಬೇರೂ ಸುಡುತ್ತದೆ, ಹೊಟ್ಟೆ ಕೆಡಿಸುವ ರೋಗಾಣುಗಳೂ ಮನೆಗೆ ಬರುತ್ತವೆ.

ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. 1898ರಲ್ಲಿ ಪ್ಲೇಗು ಹಳೇಪೇಟೆಯ ಇಕ್ಕಟ್ಟಿನ ಗಲ್ಲಿಗಳನ್ನು ಬಡಿದಾಗ ಜನ ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳತ್ತ ಬಂದರು. ಅಗಲ ಬೀದಿ, ಮನೆಯ ಸುತ್ತ ಗಾಳಿ ಬೆಳಕು, ಹಿಂದೆ ಗುಡಿಸುವವರಿಗೆ ಓಣಿ, ಇವೆಲ್ಲ ಆರೋಗ್ಯವನ್ನು ಮನಸ್ಸಿನಲ್ಲಿಟ್ಟು ಹಾಕಿದ ಲೆಕ್ಕ. ಆಗಿನ ಹಿತ್ತಲುಗಳ ಮೇಲೆ ಈಗ ಮೂರು ಅಂತಸ್ತು ಎದ್ದಿದೆ. ಉಳಿದಿರುವುದು ತಾರಸಿ. ಹಳೆಯ ಮನೆಗಳಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ಟೆರೇಸ್ ಇರುತ್ತದೆ. ಅದರ ಮೇಲೆ ತೋಟ ಮಾಡುವ ಮೊದಲು ತಿಳಿದವರಿಗೆ ತೋರಿಸಿ. ನೀರು ಕುಡಿದ ಹತ್ತು ಲೀಟರಿನ ಕುಂಡ ಹದಿಮೂರು ಹದಿನಾಲ್ಕು ಕಿಲೋ ತೂಗುತ್ತದೆ. ಹತ್ತು ಕುಂಡವನ್ನು ನಡುಮಧ್ಯೆ ಗುಂಪು ಮಾಡದೆ ಗೋಡೆಯ ಉದ್ದಕ್ಕೆ, ಭಾರ ಗೋಡೆಯ ಮೇಲೆ ಇಳಿಯುವಂತೆ ಸಾಲಾಗಿ ಇಡಿ. ಇಟ್ಟಿಗೆಯ ಮೇಲೆ ಎತ್ತರಿಸಿ ಇಟ್ಟರೆ ಗಾರೆ ಒಣಗಿರುತ್ತದೆ, ಕೆಳಗೆ ಪೊರಕೆ ಆಡಿಸಬಹುದು. ಬಾಡಿಗೆ ಮನೆಯವರು ಮಾಲೀಕರನ್ನು ಕೇಳಿ ಇಡುವುದು ಒಳ್ಳೆಯದು. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗವಿರಲಿ. ತಾರಸಿಯಿಲ್ಲದಿದ್ದರೆ ಪೂರ್ವದ ಬಾಲ್ಕನಿಯ ಎರಡು ಕುಂಡವೂ ಆಗುತ್ತದೆ.

ನೀರು, ಮತ್ತು ನನ್ನ ಮನೆಗೆ ಬಂದ ಜ್ವರ

2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ತೋಟಕ್ಕೆ, ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ವುಝೂ ನೀರು ಚರಂಡಿಗೆ ಹೋಗುವುದಿಲ್ಲ. ಸೋಪಿಲ್ಲದ ನೀರು, ಗಿಡಕ್ಕೆ ತೊಂದರೆಯಿಲ್ಲ. ಆರು ಜನರ ಮನೆಯಲ್ಲಿ ಒಂದು ದಿನಕ್ಕೆ ಹತ್ತು ಕುಂಡಕ್ಕೆ ಸಾಲುವಷ್ಟು ಸಿಗುತ್ತದೆ. ಬಾಯಿ ಮುಕ್ಕಳಿಸಿದ ನೀರೂ ಅದರಲ್ಲಿ ಸೇರಿರುವುದರಿಂದ ಬುಡದ ಮಣ್ಣಿಗೆ ಮಾತ್ರ ಹಾಕಿ, ಎಲೆ, ಕಾಯಿಯ ಮೇಲೆ ಎರಚಬೇಡಿ. ಹಿಡಿದ ದಿನವೇ ಹಾಕಿ ಮುಗಿಸಿ. ಅಕ್ಕಿ ತೊಳೆದ ನೀರೂ ಹಾಗೇ. ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ನೀರು ಬೇಡ.

ಎರಡನೆಯ ವರ್ಷ ತಾರಸಿಗೆ ಕಲೆಯಾಗದಿರಲಿ ಎಂದು ಪ್ರತಿ ಕುಂಡದ ಕೆಳಗೂ ನಾನು ಚಂದದ ಪ್ಲಾಸ್ಟಿಕ್ ತಟ್ಟೆ ಇಟ್ಟಿದ್ದೆ. ಗಿಡಗಳು ಸೊಂಪಾಗಿ ಬೆಳೆದವು. ಆ ಮಳೆಗಾಲ ನನ್ನ ಮಗಳಿಗೆ ಡೆಂಗಿ ಬಂತು. ಐದು ದಿನ ಆಸ್ಪತ್ರೆ, ಪ್ಲೇಟ್‌ಲೆಟ್ 40 ಸಾವಿರಕ್ಕೆ ಇಳಿದಿತ್ತು. ನಾಲ್ಕನೆಯ ದಿನ ಬಟ್ಟೆ ತರಲು ಮನೆಗೆ ಬಂದವಳು ಯಾಕೋ ತಾರಸಿಗೆ ಹೋಗಿ ಒಂದು ತಟ್ಟೆ ಬಗ್ಗಿಸಿ ನೋಡಿದೆ. ಮರಿಹುಳುಗಳು ಕುಣಿಯುತ್ತಿದ್ದವು. ಅವಳಿಗೆ ಕಚ್ಚಿದ ಸೊಳ್ಳೆ ಅಲ್ಲಿಯದೇ ಎಂದು ಹೇಳಲಾರೆ, ಅಲ್ಲ ಎನ್ನಲೂ ಆಗಲಿಲ್ಲ. ದಿನವೂ ರೋಗಿಗಳಿಗೆ ನೀರು ನಿಲ್ಲಿಸಬೇಡಿ ಎಂದು ಹೇಳುವವಳ ಮನೆಯ ತಾರಸಿ ಅದು. ಯಾರಿಗೂ ಹೇಳದೆ ತಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿ ಕಸಕ್ಕೆ ಕೊಟ್ಟೆ. ಈಗ ಹೇಳುತ್ತಿದ್ದೇನೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು ಏಳರಿಂದ ಹತ್ತು ದಿನ ತೆಗೆದುಕೊಳ್ಳುತ್ತದೆ. ಒಂದು ಬಾಟಲಿ ಮುಚ್ಚಳದಷ್ಟು ನೀರೂ ಅದಕ್ಕೆ ಸಾಕು. ಮೊಟ್ಟೆಯನ್ನು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಆ ಮೊಟ್ಟೆ ಒಣಗಿಕೊಂಡು ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಆದ್ದರಿಂದ ಚೆಲ್ಲಿದರೆ ಸಾಲದು, ಉಜ್ಜಿ ತೊಳೆಯಬೇಕು. ಕುಂಡದ ಕೆಳಗೆ ತಟ್ಟೆ ಇಡಲೇಬೇಡಿ. ಇಡಲೇಬೇಕಾದರೆ ಅದರಲ್ಲಿ ಮರಳು ತುಂಬಿ. ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಶುಕ್ರವಾರ ಬೆಳಿಗ್ಗೆ, ಜುಮಾ ಸ್ನಾನಕ್ಕೆ ಮುಂಚೆ, ನೀರಿನ ಡಬ್ಬ, ಖಾಲಿ ಕುಂಡ, ಮಡಿಕೆ ಬಿದ್ದ ಪ್ಲಾಸ್ಟಿಕ್ ಹಾಳೆ, ತೊಟ್ಟಿಯ ಮುಚ್ಚಳ ಎಲ್ಲದರ ತಪಾಸಣೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ದಂಡ ಹಾಕುವ ನಿಯಮ ತಂದಿತು. ನನಗಾದದ್ದಕ್ಕೆ ಹೋಲಿಸಿದರೆ ದಂಡ ಹಗುರ.

ಕೈ, ಬೆಕ್ಕು, ಬೀಡಿ

ಮಣ್ಣು ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಬೆಕ್ಕುಗಳಿಗೆ ಕುಂಡದ ಸಡಿಲ ಮಣ್ಣು ಅಚ್ಚುಮೆಚ್ಚಿನ ಪಾಯಖಾನೆ. ಬೆಕ್ಕಿನ ಮಲದಲ್ಲಿ ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ ಇರಬಹುದು. ಗರ್ಭಿಣಿಗೆ ಅದು ಹೊಸದಾಗಿ ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಮನೆಯಲ್ಲಿ ಗರ್ಭಿಣಿ ಇದ್ದರೆ ಮಣ್ಣಿನ ಕೆಲಸ ಬೇರೆಯವರು ಮಾಡಲಿ. ಕುಂಡದ ಮೇಲೆ ತೆಂಗಿನ ಚಿಪ್ಪಿನ ಚೂರು ಹರಡಿದರೆ ಬೆಕ್ಕು ಬರುವುದಿಲ್ಲ. ಕಾಲಿಗೆ ಮುಳ್ಳು, ತಂತಿ ಚುಚ್ಚಿದರೆ ಟೆಟನಸ್ ಲಸಿಕೆಯ ಅವಧಿ ನೋಡಿಕೊಳ್ಳಿ.

ಬೀಡಿ, ಸಿಗರೇಟು ಸೇದುವವರು, ಹೊಗೆಸೊಪ್ಪು ಹಾಕುವವರು ಸೋಪಿನಿಂದ ಕೈ ತೊಳೆಯದೆ ಈ ಗಿಡ ಮುಟ್ಟಬಾರದು. ತಂಬಾಕಿನ ಎಲೆಯಲ್ಲಿರುವ ಮೊಸಾಯಿಕ್ ವೈರಸ್ ಒಣಗಿದ ತಂಬಾಕಿನಲ್ಲೂ ಉಳಿದಿರುತ್ತದೆ, ಬೆರಳಿನಿಂದ ಮೆಣಸಿನ ಗಿಡಕ್ಕೆ ದಾಟುತ್ತದೆ, ಎಲೆ ಮಚ್ಚೆಮಚ್ಚೆಯಾಗುತ್ತದೆ. ತಂಬಾಕು ಬಿಡಿ ಎಂದು ಎಷ್ಟು ಹೇಳಿದರೂ ಕೇಳದ ಚಾಚಾ ಒಬ್ಬರು, ಗಿಡಕ್ಕೆ ರೋಗ ಬರುತ್ತದೆ ಎಂದಾಗ ಗಾಬರಿಯಾಗಿ ಕೈ ತೊಳೆಯಲು ಎದ್ದರು.

ಉಳಿದ ರೋಗಗಳನ್ನು ಎಲೆಯ ಮುದುಡುವಿಕೆ ನೋಡಿ ಗುರುತಿಸಬಹುದು. ಎಲೆ ಮೇಲ್ಮುಖವಾಗಿ ದೋಣಿಯಂತೆ ಮಡಚಿದರೆ ಥ್ರಿಪ್ಸ್, ಕೆಳಮುಖವಾಗಿ ಮಡಚಿದರೆ ಮೈಟ್ ನುಸಿ. ಎರಡಕ್ಕೂ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಕೆಲವು ಹನಿ ದ್ರವ ಸೋಪು ಕಲಸಿ ಸಂಜೆ ಎಲೆಯ ಅಡಿಭಾಗಕ್ಕೆ ವಾರಕ್ಕೊಮ್ಮೆ ಸಿಂಪಡಿಸಿ. ಹೊಸ ಎಲೆಗಳೆಲ್ಲ ಹಳದಿಯಾಗಿ ಮುರುಟಿ ಗಿಡ ಕುಳ್ಳಾದರೆ ಅದು ಬಿಳಿ ನೊಣ ತಂದ ವೈರಸ್. ದಯೆ ತೋರದೆ ಕಿತ್ತು ಹಾಕಿ. ಕಾಯಿಯ ತುದಿ ಕಪ್ಪಾಗಿ ಕೊಳೆತರೆ ರೋಗವಲ್ಲ, ಒಂದು ದಿನ ಒಣಗಿಸಿ ಒಂದು ದಿನ ಮುಳುಗಿಸಿದ್ದರ ಫಲ. ಮಣ್ಣು ಒಂದೇ ಹದದಲ್ಲಿ ತೇವವಾಗಿದ್ದರೆ ಸುಣ್ಣದಂಶ ಕಾಯಿಗೆ ತಲುಪುತ್ತದೆ. ಹೂವು ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಕೊಡಿ.

ಕಾಯಿ ಬಂದ ಮೇಲೆ

ಕುಂಡಕ್ಕೆ ಹಾಕಿದ 65ರಿಂದ 75 ದಿನಕ್ಕೆ ಕಾಯಿ ಬಲಿಯುತ್ತದೆ. ಬಣ್ಣ ತಿರುಗಲು ಮತ್ತೆ ಎರಡು ಮೂರು ವಾರ. ಮೊದಲ ಕೆಲವು ಕಾಯಿಗಳನ್ನು ಎಳೆಯದರಲ್ಲೇ ಕತ್ತರಿಸಿ, ಗಿಡ ಹೊಸ ಹೂವು ಬಿಡುತ್ತದೆ. ಕೈಯಿಂದ ಎಳೆಯಬೇಡಿ, ಕೊಂಬೆ ಮುರಿಯುತ್ತದೆ. ಕತ್ತರಿಯಿಂದ ತೊಟ್ಟು ಸಮೇತ ಕೊಯ್ಯಿರಿ. ಹರಿಯುವ ನೀರಿನಲ್ಲಿ, ತೊಟ್ಟಿನ ಗುಳಿಯಲ್ಲಿ ಬೆರಳಾಡಿಸಿ ತೊಳೆಯಿರಿ. ಅಂಗಡಿಯಿಂದ ತಂದ ಕಾಯಿಯಾದರೂ ಇದೇ ಕ್ರಮ, ಆದರೆ ತೊಳೆಯುವುದರಿಂದ ಹೋಗುವುದು ಮೇಲಿನ ಕೊಳೆ ಮತ್ತು ಸ್ವಲ್ಪ ಔಷಧಿ ಮಾತ್ರ. ಒಳಗೆ ಇಳಿದದ್ದು ಉಪ್ಪು ನೀರು, ವಿನೆಗರ್ ಯಾವುದಕ್ಕೂ ಬಗ್ಗುವುದಿಲ್ಲ. ಮನೆಯ ಕುಂಡದ ಕಾಯಿಗೆ ಈ ಚಿಂತೆಯಿಲ್ಲ.

ತಿನ್ನುವ ಬಗೆ ನಿಮಗೆ ಬಿಟ್ಟದ್ದು. ಹುರುಳಿ, ಕಡಲೆ ಉಸುಲಿಯ ಮೇಲೆ ಹಸಿಯಾಗಿ ಹೆಚ್ಚಿ ಹಾಕಿ ನಿಂಬೆ ಹಿಂಡಿ. ದಾಲ್ಚಾ ಊಟದ ಪಕ್ಕ ಈರುಳ್ಳಿಯ ಜೊತೆ ನಾಲ್ಕು ಚೂರು. ರಮಝಾನ್‌ನಲ್ಲಿ ಇಫ್ತಾರ್‌ನ ಸಮೋಸದ ಪಕ್ಕ ಒಂದು ತಟ್ಟೆ ಇಟ್ಟು ನೋಡಿ. ನಮ್ಮ ಮನೆಯಲ್ಲಿ ಮೊದಲು ಖಾಲಿಯಾಗುವುದು ಸಮೋಸವೇ, ಸುಳ್ಳು ಹೇಳುವುದಿಲ್ಲ, ಆದರೆ ಎರಡನೆಯದು ಇದು. ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇಡೀ ಕಾಯಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಉದ್ದಕ್ಕೆ ತೆಳ್ಳಗೆ ಸೀಳಿ ಕೊಡಿ. ಕಿಡ್ನಿ ತೊಂದರೆಯಿಂದ ಪೊಟ್ಯಾಸಿಯಂ ಮಿತಿಯಲ್ಲಿರುವವರು ತಮ್ಮ ವೈದ್ಯರನ್ನು ಕೇಳಿಯೇ ತಿನ್ನಲಿ. ಊಟವಾಗಿ ಒಂದು ಗಂಟೆಯವರೆಗೆ ಚಹಾ ಬೇಡ. ಇದೊಂದೇ ಮಾತನ್ನು ಪಾಲಿಸಿದರೂ ನನಗೆ ಸಂತೋಷ.

ಆ ಹೊಲಿಗೆಯ ತಾಯಿಗೆ ನನ್ನ ತಾರಸಿಯ ಎರಡು ಸಸಿ ಕೊಟ್ಟಿದ್ದೆ. ಮಾತ್ರೆ ನಿಲ್ಲಿಸದೆ ತೆಗೆದುಕೊಂಡರು, ಚಹಾದ ಸಮಯ ಬದಲಿಸಿದರು. ಐದು ತಿಂಗಳಿಗೆ 11.4. ಅದರಲ್ಲಿ ಮಾತ್ರೆಯ ಪಾಲೆಷ್ಟು, ಮೆಣಸಿನ ಪಾಲೆಷ್ಟು ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ. ಅವರು ಬಂದದ್ದು ಇನ್ನೊಂದು ಪ್ರಶ್ನೆ ಹಿಡಿದು: "ಆಪಾ, ಪಕ್ಕದಲ್ಲಿ ಖಾರದ ಮೆಣಸಿನ ಗಿಡ ಇದ್ದರೆ ಇದೂ ಖಾರ ಆಗುತ್ತದಂತೆ, ನಿಜವಾ?"

ಈ ವರ್ಷದ ಕಾಯಿ ಖಾರವಾಗುವುದಿಲ್ಲ. ಕಾಯಿಯ ತಿರುಳು ತಾಯಿ ಗಿಡದ್ದು. ಆದರೆ ಜೇನುನೊಣ ಪರಾಗ ಬೆರೆಸಿದ್ದರೆ ಒಳಗಿನ ಬೀಜಕ್ಕೆ ಖಾರದ ಗುಣ ಸೇರಿರುತ್ತದೆ, ಅದನ್ನು ಬಿತ್ತಿದರೆ ಮುಂದಿನ ಗಿಡದ ಕಾಯಿ ಖಾರವಾಗುತ್ತದೆ. ಬೀಜ ಉಳಿಸುವ ಆಸೆಯಿದ್ದರೆ ಒಂದು ಕೊಂಬೆಗೆ ಹೂವು ಅರಳುವ ಮುಂಚೆಯೇ ಮಲ್‌ಮಲ್ ಬಟ್ಟೆಯ ಚಿಕ್ಕ ಚೀಲ ಕಟ್ಟಿ. ಮೆಣಸಿನ ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ, ಕೊಂಬೆಯನ್ನು ದಿನಕ್ಕೊಮ್ಮೆ ಮೆಲ್ಲಗೆ ತಟ್ಟಿದರೆ ಸಾಕು. ಕಾಯಿ ನಿಂತ ಮೇಲೆ ಚೀಲ ತೆಗೆದು ಗುರುತಿಗೆ ದಾರ ಕಟ್ಟಿ. ಅವರು ಅಂಗಿಯ ಚೂರುಗಳಿಂದ ಹತ್ತು ಚೀಲ ಹೊಲಿದರು, ನಾಲ್ಕು ನನಗೂ ಕೊಟ್ಟರು.

ಮಾರ್ಚ್ ಬಿಸಿಲು ಏರಿ ಹೂವು ಉದುರತೊಡಗಿದಾಗ ಗಿಡ ಕಿತ್ತುಬಿಡಿ. ಆ ಮಣ್ಣಿಗೆ ಕೂಡಲೇ ಟೊಮೆಟೊ, ಬದನೆ ಹಾಕಬೇಡಿ, ಅವು ಒಂದೇ ಕುಟುಂಬದವು, ರೋಗವೂ ಒಂದೇ. ಮಣ್ಣನ್ನು ಒಂದು ವಾರ ಬಿಸಿಲಿಗೆ ಹರಡಿ, ಎರಡು ಹಿಡಿ ಎರೆಗೊಬ್ಬರ ಬೆರೆಸಿ ಹರಿವೆ ಸೊಪ್ಪಿನ ಬೀಜ ಉದುರಿಸಿ. ನಾಲ್ಕು ವಾರಕ್ಕೆ ಕೊಯ್ಲಿಗೆ ಬರುತ್ತದೆ.